ಪದವಿಯ ಸುದ್ದಿಯಲ್ಲಿ ಸಂಶೋಧನೆಗೆ ಎಷ್ಟು ಜಾಗ?

(ಬೆಂಗಳೂರಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು, ಸಂಶೋಧಕರು ಮತ್ತು ಪತ್ರಕರ್ತರು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಓದಿನ ಅನುಕೂಲಕ್ಕಾಗಿ ಅಲ್ಲಲ್ಲಿ ವಿಸ್ತರಿಸಲಾಗಿದೆ.)

ಸಭಿಕರೆ,

ನಮ್ಮ ದಿನಪತ್ರಿಕೆಗಳ ಒಳಪುಟಗಳಲ್ಲಿ ಆಗಾಗ ಕಾಣಿಸಿಕೊಳ್ಳುವ ಒಂದು ಪುಟ್ಟ ಸುದ್ದಿಯ ಬಗ್ಗೆ ಇಂದು ಮಾತನಾಡಬೇಕೆಂದಿದ್ದೇನೆ. ಅದರ ರೂಪ ನಿಮಗೆಲ್ಲ ಬಾಯಿಪಾಠವಾಗಿರುತ್ತದೆ. ಪಾಸ್‌ಪೋರ್ಟ್ ಅಳತೆಯ ಒಂದು ಭಾವಚಿತ್ರ, ‘ಪಿಎಚ್.ಡಿ. ಪ್ರದಾನ’ ಎಂಬ ತಲೆಬರಹ, ಕೆಳಗೆ ಒಂದು ಉದ್ದನೆಯ ವಾಕ್ಯ: ಇಂಥ ಊರಿನ ಇಂಥವರು ಇಂಥ ಪ್ರಾಧ್ಯಾಪಕರ ಮಾರ್ಗದರ್ಶನದಲ್ಲಿ ಸಿದ್ಧಪಡಿಸಿ ಮಂಡಿಸಿದ ಇಂಥ ಶೀರ್ಷಿಕೆಯ ಮಹಾಪ್ರಬಂಧಕ್ಕೆ ವಿಶ್ವವಿದ್ಯಾಲಯವು ಪಿಎಚ್.ಡಿ. ಪದವಿ ನೀಡಿದೆ. ಪದವಿ ಪಡೆದವರು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರೆ ಆ ವಿವರವೂ ಸೇರುತ್ತದೆ. ಅಲ್ಲಿಗೆ ಸುದ್ದಿ ಮುಗಿಯಿತು. ಆ ವ್ಯಕ್ತಿ ವರ್ಷಗಟ್ಟಲೆ ಹುಡುಕಿದ್ದೇನು, ಅವರಿಗೆ ಸಿಕ್ಕಿದ್ದೇನು, ನಾವು ಈ ಮೊದಲು ನಂಬಿಕೊಂಡಿದ್ದ ಯಾವ ಮಾತು ಅದರಿಂದ ಅಲುಗಾಡಿತು ಎಂಬುದಕ್ಕೆ ಅದರಲ್ಲಿ ಅರ್ಧ ಸಾಲೂ ಇರುವುದಿಲ್ಲ.

ಪುಸ್ತಕ ಬಿಡುಗಡೆಯ ಸುದ್ದಿಯದೂ ಇದೇ ಪಾಡು. ಜೆ.ಸಿ. ರಸ್ತೆಯ ನಯನ ಸಭಾಂಗಣದಲ್ಲೋ ಬಸವನಗುಡಿಯ ವರ್ಲ್ಡ್ ಕಲ್ಚರ್ ಸಂಸ್ಥೆಯಲ್ಲೋ ಒಂದು ಕೃತಿ ಬಿಡುಗಡೆಯಾದರೆ, ಮರುದಿನದ ಪತ್ರಿಕೆಯಲ್ಲಿ ಉದ್ಘಾಟಕರು ನಾಡಿನ ಇಂದಿನ ಸ್ಥಿತಿಯ ಬಗ್ಗೆ ಆಡಿದ ಮಾತು ದಪ್ಪಕ್ಷರದಲ್ಲಿರುತ್ತದೆ. ವೇದಿಕೆಯ ಮೇಲಿದ್ದವರ ಹೆಸರುಗಳು ಸಾಲಾಗಿರುತ್ತವೆ. ಪುಸ್ತಕದ ಒಳಗೇನಿದೆ ಎಂಬುದು ಮಾತ್ರ ಓದುಗನ ಊಹೆಗೆ ಬಿಟ್ಟ ವಿಷಯ. ಘಟಿಕೋತ್ಸವದ ಚಿನ್ನದ ಪದಕಗಳ ಸುದ್ದಿಯನ್ನು ನಾನು ಈ ಸಾಲಿಗೆ ಸೇರಿಸುವುದಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿಯೊಬ್ಬಳು ಸೆಂಟ್ರಲ್ ಕಾಲೇಜು ಆವರಣದ ಜ್ಞಾನಜ್ಯೋತಿ ಸಭಾಂಗಣದಲ್ಲಿ ಕೊರಳಿಗೆ ಪದಕ ಹಾಕಿಸಿಕೊಂಡಾಗ ಆ ಚಿತ್ರವೇ ಪೂರ್ತಿ ಸುದ್ದಿಯಾಗಿರುತ್ತದೆ. ಪರೀಕ್ಷೆಯಲ್ಲಿ ಗಳಿಸಿದ ಅಂಕಕ್ಕೆ ಅಂಕವೇ ವಿವರಣೆ. ಸಂಶೋಧನೆ ಹಾಗಲ್ಲ. ಅಲ್ಲಿ ಪದವಿಯೆಂಬುದು ಕೆಲಸ ಮುಗಿದದ್ದಕ್ಕೆ ಕೊಟ್ಟ ರಸೀದಿ ಮಾತ್ರ. ನಾವು ರಸೀದಿಯನ್ನು ಅಚ್ಚು ಹಾಕಿ ಸರಕನ್ನು ಮರೆಯುತ್ತಿದ್ದೇವೆ.

ಹೀಗೆ ಮರೆಯುವುದು ನಮ್ಮ ಹಳೆಯ ಅಭ್ಯಾಸವೇನೂ ಅಲ್ಲ. ನೂರು ವರ್ಷಗಳ ಹಿಂದೆ ಇದೇ ಊರಿನಲ್ಲಿ, ಪದವೀಧರರ ಸಂಖ್ಯೆ ಬಹಳ ಕಡಿಮೆಯಿದ್ದ ಕಾಲದಲ್ಲಿ, ಹೊಸ ತಿಳಿವಳಿಕೆಯನ್ನು ಕನ್ನಡದಲ್ಲಿ ಹೇಳಬೇಕೆಂಬ ಹಟ ಕೆಲವರಿಗಿತ್ತು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ ಸೇರಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಬೆಂಗಳೂರಿನಿಂದ ಹೊರಡಿಸಿದರು. ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರು. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಬೋಧಿಸುತ್ತಿದ್ದುದನ್ನು ತರಗತಿಯ ಹೊರಗಿದ್ದವರಿಗೆ ಕನ್ನಡದಲ್ಲಿ ತಿಳಿಸಲು ಅವರು ಹೊರಟಾಗ, ಬೇಕಾದ ಪಾರಿಭಾಷಿಕ ಪದಗಳಲ್ಲಿ ಎಷ್ಟೋ ಕನ್ನಡದಲ್ಲಿ ಇನ್ನೂ ಹುಟ್ಟಿರಲಿಲ್ಲ. ಪತ್ರಿಕೆ ಎರಡು ವರ್ಷ ನಡೆದು ನಿಂತಿತು. ಆ ಎರಡು ವರ್ಷಗಳ ನಡುವೆಯೇ, 1919ರಲ್ಲಿ, ಅದೇ ಕಾಲೇಜಿನ ಕರ್ಣಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ಣಾಟಕ’ವನ್ನು ಆರಂಭಿಸಿದರು. ಮುಂದೆ ಅದನ್ನು ಮೈಸೂರು ವಿಶ್ವವಿದ್ಯಾಲಯ ವಹಿಸಿಕೊಂಡಿತು, ಕನ್ನಡದ ವಿದ್ವತ್ತಿನ ಬಹುಪಾಲು ಅದರ ಪುಟಗಳನ್ನು ಹಾದು ಬಂದಿತು. ಒಂದು ಕಾಲೇಜಿನ ಕನ್ನಡ ಸಂಘ ವಿದ್ವತ್ ಪತ್ರಿಕೆಯೊಂದನ್ನು ಹುಟ್ಟುಹಾಕಿತು ಎಂಬ ಸಂಗತಿಯನ್ನು, ನವೆಂಬರ್ ಒಂದರಂದು ಧ್ವಜ ಹಾರಿಸಿ ಸಿಹಿ ಹಂಚುವುದರಲ್ಲಿ ವರ್ಷದ ಕೆಲಸ ಮುಗಿಸುವ ನಮ್ಮ ಇಂದಿನ ಸಂಘಗಳು ಒಮ್ಮೆ ಯೋಚಿಸಿ ನೋಡಬಹುದು.

ಈಗ 1928ಕ್ಕೆ ಬರೋಣ. ಆ ವರ್ಷದ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಚದುರಿದ ಬೆಳಕಿನಲ್ಲಿ ಹೊಸ ಬಣ್ಣವೊಂದನ್ನು ಖಚಿತವಾಗಿ ಗುರುತಿಸಿದರು. ಮರುದಿನವೇ ಸುದ್ದಿಸಂಸ್ಥೆಯ ಮೂಲಕ ವಿಷಯ ಪತ್ರಿಕೆಗಳನ್ನು ಮುಟ್ಟಿತು. ಆದರೆ ಆ ಶೋಧದ ವಿವರವಾದ ಮೊದಲ ನಿರೂಪಣೆ ನಡೆದದ್ದು ಬೆಂಗಳೂರಿನಲ್ಲಿ. ಮಾರ್ಚ್ 16ರ ಶುಕ್ರವಾರ ದಕ್ಷಿಣ ಭಾರತ ವಿಜ್ಞಾನ ಸಂಘದ ಆಶ್ರಯದಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ರಾಮನ್ ಉಪನ್ಯಾಸ ನೀಡಿದರು. ಅದರ ಬರಹ ರೂಪ ಅದೇ ತಿಂಗಳ ಕೊನೆಗೆ ಭಾರತೀಯ ಭೌತಶಾಸ್ತ್ರ ನಿಯತಕಾಲಿಕದಲ್ಲಿ ಅಚ್ಚಾಗಿ ಹೊರಬಂತು. ಆ ಬರಹವನ್ನು ಓದಿದವರಿಗೆ ಅದರ ಅಚ್ಚುಕಟ್ಟು ಮನಸ್ಸಿನಲ್ಲಿ ನಿಲ್ಲುತ್ತದೆ. ಮೊದಲು ತಾನು ನೋಡುತ್ತಿದ್ದುದೇನು, ಸೂರ್ಯನ ಬೆಳಕಿಗೆ ಒಂದು ಬಣ್ಣದ ಗಾಜನ್ನು ಅಡ್ಡವಿಟ್ಟು, ದ್ರವದಲ್ಲಿ ಚದುರಿ ಬಂದ ಬೆಳಕಿಗೆ ಇನ್ನೊಂದು ಬಣ್ಣದ ಗಾಜನ್ನು ಅಡ್ಡವಿಟ್ಟಾಗ ಕಾಣಬಾರದ ಬೆಳಕು ಕಂಡದ್ದು ಹೇಗೆ, ಇದು ಪ್ರತಿದೀಪ್ತಿ (ಬೆಳಕನ್ನು ಹೀರಿದ ವಸ್ತು ತಾನೇ ಬೇರೆ ಬಣ್ಣದಲ್ಲಿ ಹೊಳೆಯುವುದು) ಅಲ್ಲವೆಂದು ತೀರ್ಮಾನಿಸಿದ್ದು ಯಾಕೆ, ಪಾದರಸದ ದೀಪವನ್ನೂ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕವನ್ನೂ ಬಳಸಿದಾಗ ಏನಾಯಿತು, ಸಹೋದ್ಯೋಗಿಯ ಪಾಲೆಷ್ಟು ಎಂಬುದೆಲ್ಲ ಅಲ್ಲಿದೆ. ಎರಡು ವರ್ಷಗಳ ನಂತರ ನೊಬೆಲ್ ಬಂತು. ನೊಬೆಲ್ ಬಂದ ಸುದ್ದಿಯನ್ನು ನಾವು ಶಾಲೆಯಲ್ಲಿ ಉರು ಹೊಡೆದಿದ್ದೇವೆ. ಈ ಊರಿನಲ್ಲಿ ಆಡಿದ ಆ ಮಾತುಗಳು ಏನನ್ನು ಹೇಳಿದವು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಸುಮ್ಮನಾಗುತ್ತೇವೆ.

ಪದವಿಯನ್ನೇ ಸಾಧನೆಯ ಅಳತೆಗೋಲಾಗಿ ಹಿಡಿದರೆ ಯಾರು ಬಿಟ್ಟುಹೋಗುತ್ತಾರೆ ಎಂಬುದಕ್ಕೂ ಬೆಂಗಳೂರಿನಲ್ಲೇ ನಿದರ್ಶನವಿದೆ. ಅನ್ನಾ ಮಣಿ 1918ರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದವರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆನರ್ಸ್ ಮುಗಿಸಿ 1940ರಲ್ಲಿ ವಿದ್ಯಾರ್ಥಿವೇತನದ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು, ರಾಮನ್ ಅವರ ಪ್ರಯೋಗಾಲಯ ಸೇರಿದರು. ವಜ್ರ ಮತ್ತು ಮಾಣಿಕ್ಯಗಳು ಹೊಮ್ಮಿಸುವ, ಹೀರುವ ಬೆಳಕಿನ ಅಧ್ಯಯನ ಅವರ ಪಾಲಿಗೆ ಬಂದ ಕೆಲಸ. ಹರಳುಗಳನ್ನು ದ್ರವ ವಾಯುವಿನ ಉಷ್ಣತೆಯಲ್ಲಿಟ್ಟು, ದುರ್ಬಲವಾದ ಆ ಹೊಳಪನ್ನು ಛಾಯಾಫಲಕದ ಮೇಲೆ ಹಿಡಿಯಲು ಒಂದೊಂದು ಸಲ ಹದಿನೈದು ಇಪ್ಪತ್ತು ಗಂಟೆ ಫಲಕವನ್ನು ತೆರೆದಿಡಬೇಕಾಗುತ್ತಿತ್ತು. ರಾತ್ರಿ ಪ್ರಯೋಗಾಲಯದಲ್ಲೇ ಕಳೆಯುತ್ತಿತ್ತು. 1942ರಿಂದ 1945ರವರೆಗೆ ಅವರು ಒಬ್ಬರೇ ಲೇಖಕಿಯಾಗಿ ಐದು ಸಂಶೋಧನ ಪ್ರಬಂಧಗಳನ್ನು ಪ್ರಕಟಿಸಿದರು. 1945ರ ಆಗಸ್ಟಿನಲ್ಲಿ ಮಹಾಪ್ರಬಂಧವನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಟಾಟಾ ಇನ್‌ಸ್ಟಿಟ್ಯೂಟಿಗೆ ತಾನೇ ಪದವಿ ಕೊಡುವ ಅಧಿಕಾರ ಬಂದದ್ದು 1958ರಲ್ಲಿ. ಅವರಲ್ಲಿ ಎಂ.ಎಸ್ಸಿ. ಪದವಿ ಇಲ್ಲ ಎಂಬ ಕಾರಣಕ್ಕೆ ಮದರಾಸಿನವರು ಪಿಎಚ್.ಡಿ. ಕೊಡಲಿಲ್ಲ.

ಇಂದಿನ ನಮ್ಮ ಸುದ್ದಿಯ ಚೌಕಟ್ಟಿನಲ್ಲಿ ನೋಡಿದರೆ ಅಲ್ಲಿ ನಡೆದದ್ದು ಏನೂ ಇಲ್ಲ: ಪದವಿಯಿಲ್ಲ, ಆದ್ದರಿಂದ ಭಾವಚಿತ್ರವೂ ಇಲ್ಲ. ಆದರೆ ಆ ಮಹಾಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಗ್ರಂಥಾಲಯದಲ್ಲಿ ಪದವಿ ಪಡೆದ ಇತರ ಪ್ರಬಂಧಗಳ ಸಾಲಿನಲ್ಲೇ ರಟ್ಟು ಕಟ್ಟಿಸಿಕೊಂಡು ನಿಂತಿದೆ. ಅದನ್ನು ಬರೆದವರು ಲಂಡನ್ನಿಗೆ ಹೋಗಿ ಹವಾಮಾನ ಮಾಪನದ ಉಪಕರಣಗಳನ್ನು ಕಲಿತು, 1948ರಲ್ಲಿ ಭಾರತೀಯ ಹವಾಮಾನ ಇಲಾಖೆ ಸೇರಿ, ಅದರ ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದರು. ಆಮದು ಮಾಡಿಕೊಳ್ಳುತ್ತಿದ್ದ ಉಪಕರಣಗಳನ್ನು ಇಲ್ಲೇ ತಯಾರಿಸುವಂತೆ ಮಾಡಿದ್ದು, ದೇಶದ ಬೇರೆ ಬೇರೆ ಕಡೆ ಸೌರವಿಕಿರಣದ ಅಳತೆಗೆ ಕೇಂದ್ರಗಳ ಜಾಲ ಕಟ್ಟಿದ್ದು ಅವರ ಕೆಲಸ. 1980 ಮತ್ತು 1981ರಲ್ಲಿ ಪ್ರಕಟವಾದ ಭಾರತದ ಸೌರವಿಕಿರಣವನ್ನು ಕುರಿತ ಅವರ ಎರಡು ಗ್ರಂಥಗಳು ಸೌರಶಕ್ತಿಯ ಯೋಜನೆ ಹಾಕುವ ಎಂಜಿನಿಯರುಗಳಿಗೆ ಆಧಾರಗ್ರಂಥಗಳಾದವು. ಡಾಕ್ಟರೇಟ್ ಇಲ್ಲದ್ದರಿಂದ ತನಗೆ ಯಾವ ತೊಂದರೆಯೂ ಆಗಲಿಲ್ಲವೆಂದು ಅವರು ಹೇಳುತ್ತಿದ್ದರು. ಅವರಿಗೆ ಆಗದಿರಬಹುದು. ತೊಂದರೆಯಾದದ್ದು ನಮಗೆ, ಪಾವಗಡದ ಸೌರ ಉದ್ಯಾನದ ಹೆಸರು ಕೇಳಿರುವ ನಮ್ಮ ವಿದ್ಯಾರ್ಥಿಗಳಲ್ಲಿ ಅನ್ನಾ ಮಣಿಯವರ ಹೆಸರು ಕೇಳಿದವರು ಎಷ್ಟು ಮಂದಿ?

ಪುಟಗಳ ತೂಕದ ಬಗ್ಗೆಯೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅದೇ ಟಾಟಾ ಇನ್‌ಸ್ಟಿಟ್ಯೂಟಿಗೆ 1933ರಲ್ಲಿ ಬಹಳ ವಿರೋಧದ ನಡುವೆ ಪ್ರವೇಶ ಪಡೆದ ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ ಅವರಿಗೆ 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಪಿಎಚ್.ಡಿ. ನೀಡಿದಾಗ ಅವರ ಮಹಾಪ್ರಬಂಧ ಸುಮಾರು ನಲವತ್ತು ಪುಟಗಳಷ್ಟಿತ್ತು. ನಮ್ಮಲ್ಲಿ ಕೃತಜ್ಞತೆ, ಪ್ರಸ್ತಾವನೆ ಮತ್ತು ‘ಸಂಶೋಧನೆ ಎಂದರೇನು’ ಎಂಬ ಅಧ್ಯಾಯ ಮುಗಿಯುವಾಗಲೇ ನಲವತ್ತು ಪುಟ ದಾಟಿರುತ್ತದೆ.

ಮಹಾಪ್ರಬಂಧ ಪುಸ್ತಕವಾಗುವುದು ಹೇಗೆ ಎಂಬುದು ನನ್ನ ಮಾತಿನ ಮುಖ್ಯ ಭಾಗ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಮೈಸೂರು ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದ ಪ್ರಬಂಧ, ಗ್ರಂಥವಾಗಿ ಬಂದದ್ದು 1966ರಲ್ಲಿ. ಮುಂದೆ ಅವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡದ ಪ್ರಾಧ್ಯಾಪಕರಾಗಿ ಬಹುಕಾಲ ಇದ್ದರು. ಅವರಿಗಿಂತ ಮುಂಚೆ ಶಾಸನಗಳ ಸಂಗ್ರಹ ಆಗಿರಲಿಲ್ಲವೆ? ಆಗಿತ್ತು. ಬೆಂಗಳೂರಿನಲ್ಲೇ ಹುಟ್ಟಿ, ಮುಂದೆ ಸೆಂಟ್ರಲ್ ಕಾಲೇಜಾದ ಶಾಲೆಯಲ್ಲೇ ಮುಖ್ಯೋಪಾಧ್ಯಾಯರಾಗಿದ್ದ ಬಿ.ಎಲ್. ರೈಸ್ ಅವರು 1886ರಿಂದಲೇ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಅಚ್ಚಿಗೆ ತಂದಿದ್ದರು. ಆದರೆ ಆ ಸಂಪುಟಗಳನ್ನು ಬಿಡಿಸಿದವರು ಹೆಚ್ಚಾಗಿ ಹುಡುಕುತ್ತಿದ್ದದ್ದು ರಾಜರನ್ನು: ಯಾರು ಯಾರ ಮಗ, ಯಾವ ವರ್ಷ ಪಟ್ಟಕ್ಕೆ ಬಂದ, ಯಾರನ್ನು ಗೆದ್ದ. ಚಿದಾನಂದಮೂರ್ತಿಯವರು ಅದೇ ಕಲ್ಲುಗಳ ಮುಂದೆ ಬೇರೆ ಪ್ರಶ್ನೆ ಇಟ್ಟರು. ಕ್ರಿ.ಶ. 450ರಿಂದ 1150ರವರೆಗಿನ ಏಳು ನೂರು ವರ್ಷಗಳಲ್ಲಿ ಕನ್ನಡ ನಾಡಿನ ಜನ ಯಾವ ದೇವರನ್ನು ನಂಬಿದ್ದರು, ಮಕ್ಕಳು ಎಲ್ಲಿ ಓದುತ್ತಿದ್ದರು, ತುರುಗಳನ್ನು ಕಾಯುತ್ತ ಸತ್ತವನಿಗೆ ಊರು ಏನು ಮಾಡುತ್ತಿತ್ತು, ಒಡೆಯನಿಗಾಗಿ ಪ್ರಾಣ ಕೊಡುವುದಕ್ಕೆ ಯಾವ ಅರ್ಥವಿತ್ತು? ರಾಜಕೀಯ ಚರಿತ್ರೆಗೆ ಅಡಿಟಿಪ್ಪಣಿಯಾಗಿದ್ದ ವೀರಗಲ್ಲು ಈ ಗ್ರಂಥದಲ್ಲಿ ಮುಖ್ಯ ಸಾಕ್ಷಿಯಾಯಿತು. ಒಂದು ಮಹಾಪ್ರಬಂಧ ಪುಸ್ತಕವಾಗಿ ಬಾಳಬೇಕಾದರೆ ಇಂಥ ಒಂದು ಪ್ರಶ್ನೆ ಬೇಕು. ನಂತರದ ಸಂಶೋಧಕರು ಅವರ ಹಲವು ತೀರ್ಮಾನಗಳ ಜೊತೆ ಜಗಳವಾಡಿದ್ದಾರೆ, ಆಡಲಿ. ಜಗಳಕ್ಕೆ ಸಿಗುವಷ್ಟು ಸ್ಪಷ್ಟವಾಗಿ ಬರೆದದ್ದೇ ಅದರ ಗುಣ.

ನಮ್ಮ ಕಾಲದಲ್ಲಿ ಅಚ್ಚಾಗುವ ಬಹಳಷ್ಟು ಪ್ರಬಂಧಗಳು ಪದವಿಗೆ ಸಲ್ಲಿಸಿದ ರೂಪದಲ್ಲೇ, ರಟ್ಟು ಮಾತ್ರ ಬದಲಿಸಿಕೊಂಡು ಮಾರುಕಟ್ಟೆಗೆ ಬರುತ್ತವೆ. ‘ಅಧ್ಯಯನದ ಉದ್ದೇಶ, ವ್ಯಾಪ್ತಿ ಮತ್ತು ವಿಧಾನ’ ಎಂಬ ಮೊದಲ ಅಧ್ಯಾಯ ಹಾಗೆಯೇ ಇರುತ್ತದೆ. ಇದುವರೆಗೆ ಯಾರು ಯಾರು ಏನು ಹೇಳಿದ್ದಾರೆ ಎಂಬ ಉದ್ದನೆಯ ಸಮೀಕ್ಷೆ ಹಾಗೆಯೇ ಇರುತ್ತದೆ. ಪರೀಕ್ಷಕರಿಗೆ ತಾನು ಓದಿಕೊಂಡಿದ್ದೇನೆಂದು ತೋರಿಸಲು ಬರೆದ ಭಾಗ ಅದು. ಓದುಗನಿಗೆ ಅದರಿಂದ ಪ್ರಯೋಜನವಿಲ್ಲ. ಕೊನೆಯ ಅಧ್ಯಾಯದ ಕೊನೆಯ ನಾಲ್ಕು ಪುಟಗಳಲ್ಲಿ ನಾಚಿಕೊಂಡು ಕುಳಿತಿರುವ ಫಲಿತವನ್ನು ಮೊದಲ ಅಧ್ಯಾಯಕ್ಕೆ ತಂದು, ಸಮೀಕ್ಷೆಯನ್ನು ಕತ್ತರಿಸಿ, ಕೊನೆಗೊಂದು ಪದಸೂಚಿ ಸೇರಿಸಿದರೆ ಅರ್ಧ ಕೆಲಸ ಆದಂತೆ. ಪದಸೂಚಿಯಿಲ್ಲದ ಸಂಶೋಧನ ಗ್ರಂಥಗಳು ಕನ್ನಡದಲ್ಲಿ ಇಷ್ಟು ಹೆಚ್ಚಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಗಣಕಯಂತ್ರ ಬಂದ ಮೇಲೂ ಇಲ್ಲವೆಂದರೆ ಅದು ಬರೀ ಸೋಮಾರಿತನ.

ಹೀಗಾಗಲು ಕಾರಣವೂ ಗುಟ್ಟಿನದಲ್ಲ. ಅಧ್ಯಾಪಕರ ನೇಮಕಾತಿಗೆ, ಬಡ್ತಿಗೆ ಪುಸ್ತಕಗಳಿಗೂ ಲೇಖನಗಳಿಗೂ ಅಂಕಗಳಿವೆ. ಅಂಕ ಸಿಗಲು ಐಎಸ್‌ಬಿಎನ್ ಬೇಕು. ಗ್ರಂಥಾಲಯಗಳ ಸಗಟು ಖರೀದಿ ಸಿಕ್ಕರೆ ಪ್ರಕಾಶಕರ ಖರ್ಚೂ ಹುಟ್ಟುತ್ತದೆ. ಓದುಗನಿಲ್ಲದೆ ಪುಸ್ತಕವೊಂದು ತನ್ನ ಯಾತ್ರೆಯನ್ನು ಮುಗಿಸಬಹುದಾದ ವ್ಯವಸ್ಥೆ ಇದು. ‘ಐಎಸ್‌ಬಿಎನ್ ಮಾನ್ಯತೆ ಪಡೆದ ಅಂತರರಾಷ್ಟ್ರೀಯ ಮಟ್ಟದ ಕೃತಿ’ ಎಂಬ ಮಾತನ್ನು ಆಹ್ವಾನ ಪತ್ರಿಕೆಗಳಲ್ಲಿ ನೀವು ನೋಡಿರಬಹುದು. ಐಎಸ್‌ಬಿಎನ್ ಮಾನ್ಯತೆಯಲ್ಲ. ಅದು ಪುಸ್ತಕದ ಗುರುತಿನ ಸಂಖ್ಯೆ ಮಾತ್ರ. ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ಅಡುಗೆ ಪುಸ್ತಕಕ್ಕೂ ಅದು ಸಿಗುತ್ತದೆ, ಪಂಚಾಂಗಕ್ಕೂ ಸಿಗುತ್ತದೆ.

ಸಂಶೋಧನ ಲೇಖನಗಳ ಕತೆಯನ್ನು ಚುಟುಕಾಗಿ ಹೇಳುತ್ತೇನೆ. ಮಹಾಪ್ರಬಂಧ ಸಲ್ಲಿಸುವ ಮೊದಲು ಕನಿಷ್ಠ ಒಂದು ಲೇಖನ ಪ್ರಕಟವಾಗಿರಬೇಕೆಂದು 2009ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ನಿಯಮ ಮಾಡಿತು. 2016ರಲ್ಲಿ ಅದಕ್ಕೆ ಎರಡು ವಿಚಾರ ಸಂಕಿರಣಗಳ ಮಂಡನೆಯೂ ಸೇರಿತು. ನಿಯಮ ಬಂದ ಬೆನ್ನಿಗೇ, ದುಡ್ಡು ಕೊಟ್ಟರೆ ವಾರದೊಳಗೆ ಅಚ್ಚು ಹಾಕುವ ‘ಅಂತರರಾಷ್ಟ್ರೀಯ’ ಪತ್ರಿಕೆಗಳು ಹುಟ್ಟಿಕೊಂಡವು. ಅವುಗಳನ್ನು ಜರಡಿ ಹಿಡಿಯಲು ಒಪ್ಪಬಹುದಾದ ಪತ್ರಿಕೆಗಳನ್ನು ಹೆಸರಿಸುವ ಯುಜಿಸಿ–ಕೇರ್ ಪಟ್ಟಿ ಬಂತು. 2022ರ ನಿಯಮಾವಳಿಯಲ್ಲಿ ಲೇಖನದ ಕಡ್ಡಾಯವನ್ನು ಕೈಬಿಡಲಾಯಿತು. 2025ರಲ್ಲಿ ಕೇರ್ ಪಟ್ಟಿಯನ್ನೂ ನಿಲ್ಲಿಸಲಾಯಿತು. ಕೃತಿಚೌರ್ಯಕ್ಕೆ ಸಂಬಂಧಿಸಿದ 2018ರ ನಿಯಮ ಮಾತ್ರ ಇದೆ: ಶೇಕಡ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಶೇಕಡ 60 ಮೀರಿದರೆ ನೋಂದಣಿ ರದ್ದು. ಆದರೆ ಯಂತ್ರ ಹೋಲಿಸಿ ನೋಡುವುದು ಗಣಕಕ್ಕೆ ಏರಿರುವ ಪಠ್ಯದೊಂದಿಗೆ. ಅರವತ್ತು ವರ್ಷಗಳ ಹಿಂದೆ ಅಚ್ಚಾಗಿ ಈಗ ಯಾವುದೋ ಕಾಲೇಜು ಗ್ರಂಥಾಲಯದ ಬೀರುವಿನಲ್ಲಿ ಧೂಳು ತಿನ್ನುತ್ತಿರುವ ಕನ್ನಡ ಪುಸ್ತಕದಿಂದ ಇಡೀ ಅಧ್ಯಾಯವನ್ನೇ ಎತ್ತಿದರೂ ಅದಕ್ಕೆ ಗೊತ್ತಾಗದು. ಆ ಪುಸ್ತಕವನ್ನು ಓದಿರುವ ಮಾರ್ಗದರ್ಶಕರಿಗೆ ಮಾತ್ರ ಗೊತ್ತಾಗುತ್ತದೆ, ಅವರು ಪ್ರಬಂಧವನ್ನೂ ಓದಿದರೆ.

ಇನ್ನು ವಿಜ್ಞಾನದ ಸುದ್ದಿಗೆ ಬಂದರೆ ಅಪಾಯ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಅಲ್ಲಿ ಫಲಿತವನ್ನು ಹೇಳುತ್ತಾರೆ, ಹೇಳಬೇಕಾದದ್ದಕ್ಕಿಂತ ಹೆಚ್ಚು ಹೇಳುತ್ತಾರೆ. 2018ರ ಜುಲೈನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು ಸಂಶೋಧಕರು, ಚಿನ್ನ ಮತ್ತು ಬೆಳ್ಳಿಯ ಅತಿಸೂಕ್ಷ್ಮ ರಚನೆಗಳಲ್ಲಿ ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ನಲ್ಲೇ ಅತಿವಾಹಕತೆ, ಅಂದರೆ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುವ ಗುಣ, ಕಂಡಿದೆ ಎಂಬ ಕರಡು ಲೇಖನವನ್ನು ಮುದ್ರಣಪೂರ್ವ ಭಂಡಾರದಲ್ಲಿ ಪ್ರಕಟಿಸಿದರು. ತಜ್ಞರ ಪರಿಶೀಲನೆಗೆ ಮೊದಲೇ ಅದು ಜಗತ್ತಿನಾದ್ಯಂತ ಸುದ್ದಿಯಾಯಿತು. ಕೆಲವೇ ದಿನಗಳಲ್ಲಿ ಅಮೆರಿಕದ ಭೌತವಿಜ್ಞಾನಿಯೊಬ್ಬರು ಅದರ ಒಂದು ನಕ್ಷೆಯಲ್ಲಿ, ಬೇರೆ ಬೇರೆ ಅಳತೆಗಳೆಂದು ಹೇಳಲಾದ ಎರಡು ಗೆರೆಗಳಲ್ಲಿ ಸಣ್ಣಪುಟ್ಟ ಏರಿಳಿತಗಳೂ ಒಂದೇ ರೀತಿ ಇವೆಯೆಂದು ತೋರಿಸಿದರು. ಅಂಥ ಏರಿಳಿತ ಒಂದು ಅಳತೆಯಿಂದ ಇನ್ನೊಂದಕ್ಕೆ ಬದಲಾಗಲೇಬೇಕು. 2019ರಲ್ಲಿ ಹೆಚ್ಚಿನ ಲೇಖಕರು, ಹೆಚ್ಚಿನ ವಿವರಗಳೊಂದಿಗೆ ಪರಿಷ್ಕೃತ ರೂಪ ಹೊರಬಂತು. ಆ ಶೋಧ ಈಗಲೂ ಒಪ್ಪಿತ ಸಂಗತಿಯಾಗಿಲ್ಲ. ಇದರಲ್ಲಿ ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ವಿಜ್ಞಾನ ತನ್ನ ಲೆಕ್ಕವನ್ನು ತಾನೇ ಪರಿಶೀಲಿಸುವ ರೀತಿ ಹೀಗೆಯೇ. ಆದರೆ ಮೊದಲ ದಿನದ ಸುದ್ದಿಗೆ ಸಿಕ್ಕ ಜಾಗ, ಗೆರೆಗಳ ವಿಚಾರ ಎದ್ದ ದಿನದ ಸುದ್ದಿಗೆ ನಮ್ಮ ಭಾಷೆಯಲ್ಲಿ ಸಿಗಲಿಲ್ಲ. ಓದುಗನಿಗೆ ಕತೆಯ ಸ್ವಾರಸ್ಯದ ಅರ್ಧ ತಪ್ಪಿಹೋಯಿತು.

ಕನ್ನಡದಲ್ಲಿ ಸಂಶೋಧನೆಯನ್ನು ತಿಳಿಯಾಗಿ ಹೇಳಲು ಸಾಧ್ಯವೆ ಎಂದು ಈಗಲೂ ಕೇಳುವವರಿಗೆ ಬಿ.ಜಿ.ಎಲ್. ಸ್ವಾಮಿಯವರ ಹೆಸರೊಂದೇ ಸಾಕು. ಮೈಸೂರು ವಿಶ್ವವಿದ್ಯಾಲಯದ ಡಿ.ಎಸ್ಸಿ. ಪಡೆದು, ಹಾರ್ವರ್ಡ್‌ನಲ್ಲಿ ಸಸ್ಯವಿಜ್ಞಾನಿ ಬೈಲಿಯವರೊಂದಿಗೆ ಸಸ್ಯಗಳ ಅಂಗರಚನೆಯ ಮೇಲೆ ದುಡಿದ ಅವರು, ಸಸ್ಯವಿಜ್ಞಾನದ ಸಂಚಾರಗಳನ್ನೇ ವಸ್ತುವಾಗಿಟ್ಟುಕೊಂಡು ಬರೆದ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅದರಲ್ಲಿ ಗಿಡಗಳ ವೈಜ್ಞಾನಿಕ ಹೆಸರುಗಳಿವೆ, ಹೂವಿನ ಭಾಗಗಳ ವರ್ಣನೆಯಿದೆ, ಕೈಯಿಂದ ಬಿಡಿಸಿದ ಚಿತ್ರಗಳಿವೆ. ಜೊತೆಗೆ ಹೊಟ್ಟೆ ಹುಣ್ಣಾಗುವಷ್ಟು ನಗುವೂ ಇದೆ. ಎಲ್ಲರಿಗೂ ಸ್ವಾಮಿಯವರ ಕೈ ಬರಲಾರದು. ಆದರೆ ಎರಡು ಪುಟದ ಸಾರಾಂಶ ಬರೆಯಲು ಅಷ್ಟು ದೊಡ್ಡ ಪ್ರತಿಭೆಯ ಅಗತ್ಯವಿಲ್ಲ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಯಾವ ವಿಷಯದಲ್ಲೇ ಆಗಲಿ, ಯಾವ ಭಾಷೆಯಲ್ಲೇ ಆಗಲಿ, ನಮ್ಮ ವಿಶ್ವವಿದ್ಯಾಲಯಗಳಿಗೆ ಮಹಾಪ್ರಬಂಧ ಸಲ್ಲಿಸುವ ಪ್ರತಿಯೊಬ್ಬರೂ ಅದರ ಜೊತೆಗೆ ಕನ್ನಡದಲ್ಲಿ ಎರಡು ಪುಟದ ಸಾರಾಂಶವನ್ನು ಸಲ್ಲಿಸಲಿ. ಮೌಖಿಕ ಪರೀಕ್ಷೆಯ ದಿನ ಅದನ್ನು ಸಭೆಯಲ್ಲಿ ಓದಲಿ. ಶೋಧಗಂಗಾ ಎಂಬ ಅಂತರ್ಜಾಲದ ಮಹಾಪ್ರಬಂಧ ಭಂಡಾರದಲ್ಲಿ ಇಡೀ ಪ್ರಬಂಧಗಳು ಸಿಗುತ್ತವೆಂಬುದು ನಿಜ, ಆದರೆ ಮುನ್ನೂರು ಪುಟಗಳ ಕಡತವನ್ನು ತೆರೆದು ಫಲಿತವನ್ನು ಹೆಕ್ಕುವಷ್ಟು ಪುರುಸೊತ್ತು ವರದಿಗಾರನಿಗೆ ಇರುವುದಿಲ್ಲ. ಪತ್ರಕರ್ತ ಮಿತ್ರರು ಪದವಿಯ ಸುದ್ದಿ ತಂದವರನ್ನು ಒಂದೇ ಪ್ರಶ್ನೆ ಕೇಳಲಿ: ನಿಮಗೆ ಗೊತ್ತಾದದ್ದೇನು? ಗೌರವ ಡಾಕ್ಟರೇಟಿನ ಸುದ್ದಿ ತಂದವರನ್ನಾದರೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಕೊಟ್ಟ ವಿಶ್ವವಿದ್ಯಾಲಯ ಎಲ್ಲಿದೆ? ಯುಜಿಸಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಬಹಿರಂಗವಾಗಿಯೇ ಪ್ರಕಟಿಸುತ್ತದೆ. ನೋಡಲು ಎರಡು ನಿಮಿಷ ಸಾಕು. ಮೆಟ್ರಿಕ್ ದಾಟದ ಡಿ.ವಿ. ಗುಂಡಪ್ಪನವರಿಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯ ಡಿ.ಲಿಟ್. ಕೊಟ್ಟ ನಾಡಿನಲ್ಲಿ ಆ ಪದವಿಗೆ ಇಷ್ಟಾದರೂ ಮರ್ಯಾದೆ ಉಳಿಯಬೇಕು.

ಸುದ್ದಿ ಹೇಗಿರಬಹುದೆಂಬುದಕ್ಕೆ ಚಿದಾನಂದಮೂರ್ತಿಯವರ ಪ್ರಬಂಧವನ್ನೇ ಇಟ್ಟುಕೊಂಡು ನಾನೊಂದು ಮಾದರಿ ಬರೆದು ನೋಡಿದ್ದೇನೆ: ‘ಕನ್ನಡದ ಹಳೆಯ ಶಾಸನಗಳು ರಾಜರ ಚರಿತ್ರೆಗಷ್ಟೇ ಆಧಾರವಲ್ಲ, ಏಳು ಶತಮಾನಗಳ ಜನರ ನಂಬಿಕೆ, ವಿದ್ಯಾಭ್ಯಾಸ, ಸಾವಿನ ಆಚರಣೆಗಳನ್ನೂ ಅವುಗಳಿಂದ ತಿಳಿಯಬಹುದು ಎಂದು ಎಂ. ಚಿದಾನಂದಮೂರ್ತಿ ತಮ್ಮ ಮಹಾಪ್ರಬಂಧದಲ್ಲಿ ತೋರಿಸಿದ್ದಾರೆ. ಊರ ತುರುಗಳಿಗಾಗಿ ಮಡಿದವರ ವೀರಗಲ್ಲುಗಳು ಅವರ ಮುಖ್ಯ ಆಧಾರಗಳಲ್ಲಿ ಸೇರಿವೆ. ಪ್ರಬಂಧಕ್ಕೆ ಮೈಸೂರು ವಿಶ್ವವಿದ್ಯಾಲಯ ಪಿಎಚ್.ಡಿ. ಪದವಿ ನೀಡಿದೆ.’ ಇಷ್ಟಕ್ಕೆ ಒಂದು ಕಾಲಮ್ಮಿನ ಹದಿನೈದು ಇಪ್ಪತ್ತು ಸಾಲು ಹಿಡಿಯಬಹುದು. ಜಾಗ ಸಾಲದೆಂದು ಉಪಸಂಪಾದಕರು ಹೇಳಿದರೆ ಮೊದಲು ಭಾವಚಿತ್ರವನ್ನು ಚಿಕ್ಕದು ಮಾಡಲಿ, ಆಮೇಲೆ ಕೊನೆಯ ವಾಕ್ಯವನ್ನು ತೆಗೆಯಲಿ.